ಬೇಸಗೆಯ ಉಮೇದುವಾರರು ಮತ್ತು ಊರ ಕೆರೆಯ ಸಂರಕ್ಷಣೆ

ಮುಂಗಾರಿನ ಮೊದಲ ಹದ ಬೀಳುವುದಕ್ಕೆ ಮುಂಚೆ ರೈತನು ನೇಗಿಲು, ಕುಂಟೆ, ಬಿತ್ತನೆಯ ಬೀಜ ಇವುಗಳನ್ನೆಲ್ಲಾ ಸಿದ್ಧಪಡಿಸಿಕೊಳ್ಳುವನು. ಆದರೆ ತನ್ನ ಊರಿನ ಕೆರೆಯು ಆ ಮಳೆಯನ್ನು ಹಿಡಿಯುವುದಕ್ಕೆ ಸಿದ್ಧವಾಗಿದೆಯೇ ಎಂದು ವಿಚಾರಿಸುವವರು ಈಗ ವಿರಳವಾಗಿದ್ದಾರೆ. ಹಿಂದೆ ಈ ವಿಚಾರಣೆಯು ಪಟೇಲರ ಮತ್ತು ನೀರುಗಂಟಿಯ ಪಾಲಿಗೆ ಸೇರಿತ್ತು. 1961ನೆಯ ಇಸವಿಯ ಕಾನೂನಿನಿಂದ ಪಟೇಲಿಕೆ, ಶಾನುಭೋಗಿಕೆ ಮೊದಲಾದ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು. ಹುದ್ದೆ ರದ್ದಾದರೂ ಊರಿನ ಯಜಮಾನಿಕೆಯ ಹೊಣೆಯು ರದ್ದಾಗಿಲ್ಲ. ಆ ಹೊಣೆಯನ್ನು ಹೊತ್ತಿರುವ ಗ್ರಾಮದ ಮುಖಂಡರಿಗೂ, ಕೆರೆಯ ಮೇಲೆ ಮತ್ತು ಕೆಳಗೆ ಜಮೀನುಳ್ಳ ಹಿಡುವಳಿದಾರರಿಗೂ ಉಪಯೋಗವಾಗಬಹುದೆಂದು ಈ ಲೇಖನವನ್ನು ಬರೆಯಲಾಗಿದೆ.

ಬೇಸಗೆಯ ರಜದಲ್ಲಿ ಕಾಲೇಜಿನ ವಿದ್ಯಾರ್ಥಿಗಳು ಪ್ರಕೃತಿ ಸಂರಕ್ಷಣೆಯ ಕೆಲಸವನ್ನು ಕಲಿಯುವುದಕ್ಕಾಗಿ ಕೆರೆ, ಕಾಡು, ಗೋಮಾಳಗಳಿಗೆ ಬರುವ ಪದ್ಧತಿಯು ಈಚೆಗೆ ಬೆಳೆದಿದೆ. ಇವರನ್ನು ಇಂಟರ್ನ್ ಎಂದು ಕರೆಯುವರು. ಕಚೇರಿಗಳಲ್ಲಿ ಕೆಲಸ ಕಲಿಯಲು ಬಂದು ಸೇರುತ್ತಿದ್ದವರನ್ನು ನಮ್ಮ ಹಿರಿಯರು ಉಮೇದುವಾರರೆಂದು ಕರೆಯುತ್ತಿದ್ದರು. ಆ ಹೆಸರೇ ಇವರಿಗೂ ಒಪ್ಪುವುದರಿಂದ ಇಲ್ಲಿ ಅದನ್ನೇ ಉಪಯೋಗಿಸಿದೆ. ಇಂತಹವರನ್ನು ಊರಿನವರು ಹೇಗೆ ಬಳಸಿಕೊಳ್ಳಬೇಕು, ಇವರಿಂದ ಕೆರೆಗೆ ಏನು ಪ್ರಯೋಜನ, ಇವರ ಮಾತನ್ನು ಕೇಳದಿದ್ದರೆ ಏನು ನಷ್ಟ ಎಂಬುದನ್ನು ಸ್ವಂತ ಅನುಭವದಿಂದಲೇ ತಿಳಿಸುವೆನು.

1. ಬೆಂಗಳೂರಿನ ಉತ್ತರ ಭಾಗದ ಕೆರೆಗಳು

ಬೆಂಗಳೂರು ಸೀಮೆಯಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲ. ಆದುದರಿಂದ ಯಲಹಂಕ ನಾಡಪ್ರಭುಗಳ ಕಾಲದಲ್ಲಿಯೂ, ಅದಕ್ಕೆ ಮುಂಚೆಯೂ, ಹಳ್ಳಗಳಿಗೆ ಅಡ್ಡಲಾಗಿ ಏರಿಗಳನ್ನು ಕಟ್ಟಿ ಮಳೆಯ ನೀರನ್ನು ಹಿಡಿಯುತ್ತಾ ಬಂದರು. ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಸೇರುವಂತೆ ಸರಪಣಿಯಾಗಿ ಇವುಗಳನ್ನು ಕಟ್ಟಿರುವುದೇ ಇಲ್ಲಿನ ವಿಶೇಷ. ಅಲ್ಲಾಳಸಂದ್ರ, ಜಕ್ಕೂರು, ರಾಚೇನಹಳ್ಳಿ ಕೆರೆಗಳು ಒಂದು ಸರಪಣಿಗೆ ಸೇರಿದವು. ಹೆಬ್ಬಾಳ ಮತ್ತು ನಾಗವಾರದ ಕೆರೆಗಳು ಮತ್ತೊಂದಕ್ಕೆ. ಈ ನೀರೆಲ್ಲವೂ ಕಡೆಗೆ ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುವುದು. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು 1860ರ ದಶಕದಲ್ಲಿ ಈ ಸೀಮೆಯ ಕೆರೆಗಳನ್ನು ಪರಿಶೀಲಿಸಿ, ಇಲ್ಲಿ ಹೊಸ ಕೆರೆಗೆ ಸ್ಥಳವನ್ನು ಹುಡುಕುವುದೇ ಕಷ್ಟವಾಗಿದೆ ಎಂಬ ಅಭಿಪ್ರಾಯವನ್ನು ಬರೆದಿಟ್ಟಿರುವರು. ಅಷ್ಟು ನೆರವಾಗಿ ನಮ್ಮವರು ನೀರನ್ನು ಹಿಡಿದಿದ್ದರು.

ನಗರವು ಬೆಳೆದ ಮೇಲೆ ಈ ಸ್ಥಿತಿ ಬದಲಾಯಿತು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಈಗ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಆಟದ ಮೈದಾನವಿದೆ. ಕೆರೆಗಳನ್ನು ಒಡೆಯದೆ ನೀರಿನ ಆಶ್ರಯಗಳಾಗಿಯೇ ಉಳಿಸತಕ್ಕದ್ದೆಂದು ಲಕ್ಷ್ಮಣ ರಾವ್ ಸಮಿತಿಯು 1986ರಲ್ಲಿಯೇ ಸಲಹೆ ಕೊಟ್ಟಿತು. 2014ನೆಯ ಇಸವಿಯಲ್ಲಿ ಕೆರೆ ಸಂರಕ್ಷಣಾ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾನೂನು ಬಂದಿತು. ಯಲಹಂಕದ ಪುಟ್ಟೇನಹಳ್ಳಿ ಕೆರೆಯು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಆದರೆ ಕಾನೂನು ಎಷ್ಟಿದ್ದರೂ, ಕೆರೆಯ ಬದಿಯಲ್ಲಿ ದಿನವೂ ನಡೆಯುವ ಕಣ್ಣು ಒಂದಿಲ್ಲದಿದ್ದರೆ ಕೆರೆ ಉಳಿಯಲಾರದು. ನೀರುಗಂಟಿಯು ಇಲ್ಲದ ಈ ಕಾಲದಲ್ಲಿ ಆ ಕಣ್ಣನ್ನು ಎಲ್ಲಿಂದ ತರಬೇಕು ಎಂಬುದೇ ಪ್ರಶ್ನೆ.

2. ಉಮೇದುವಾರರಿಂದ ಯಾವ ಕೆಲಸವನ್ನು ಅಪೇಕ್ಷಿಸಬಹುದು

ಕೆಲಸ ಕಲಿಯುವುದಕ್ಕೆ ಹೊಲಕ್ಕೆ ಇಳಿಯಬೇಕೆಂಬ ತತ್ತ್ವವು ಈ ಭಾಗಕ್ಕೆ ಹೊಸದಲ್ಲ. 1899ರಲ್ಲಿ ಹೆಬ್ಬಾಳದಲ್ಲಿ 30 ಎಕರೆ ಜಮೀನಿನ ಮೇಲೆ ವ್ಯವಸಾಯದ ಪ್ರಯೋಗ ಕ್ಷೇತ್ರವು ಪ್ರಾರಂಭವಾಯಿತು. 1913ರಲ್ಲಿ ಅಲ್ಲಿಯೇ ವ್ಯವಸಾಯದ ಪಾಠಶಾಲೆಯು ಏರ್ಪಟ್ಟು, ವಿದ್ಯಾರ್ಥಿಗಳು ಅಲ್ಲೇ ವಾಸಮಾಡಿ ಲೈಸೆನ್ಷಿಯೇಟ್ ಪದವಿಯನ್ನು ಪಡೆಯುತ್ತಿದ್ದರು. 1946ರಲ್ಲಿ ಅದೇ ಸ್ಥಳದಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪಿತವಾದವು. ಇಂದಿಗೂ ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮಗಳಲ್ಲಿ ತಂಗಿ ಕಾರ್ಯಾನುಭವವನ್ನು ಪಡೆಯತಕ್ಕದ್ದೆಂಬ ನಿಯಮವುಂಟು. ಸಂರಕ್ಷಣೆಯ ಉಮೇದುವಾರಿಕೆಯು ಇದೇ ಜಾತಿಯದು; ವ್ಯತ್ಯಾಸವೇನೆಂದರೆ, ಅಲ್ಲಿ ಪೈರನ್ನು ನೋಡುವರು, ಇಲ್ಲಿ ಪೈರಿಗೆ ಆಧಾರವಾದ ನೀರು, ಮಣ್ಣು, ಗಿಡ, ಪಕ್ಷಿಗಳನ್ನು ನೋಡುವರು.

2023ನೆಯ ಇಸವಿಯ ಮಾರ್ಚಿಯಿಂದ ಮೇ ಕೊನೆಯವರೆಗೆ ಯಲಹಂಕಕ್ಕೆ ಉತ್ತರದ ಒಂದು ಹಳ್ಳಿಯ ಕೆರೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಹೀಗೆ ಕೆಲಸಮಾಡಿದಳು. ಊರಿನ ಮತ್ತು ಆಕೆಯ ಹೆಸರನ್ನು ಇಲ್ಲಿ ಬರೆಯುವುದು ಅನಾವಶ್ಯಕ. ಮೇಲ್ವಿಚಾರಣೆಯು ನನ್ನ ಪಾಲಿಗೆ ಬಂದಿತ್ತು. ಹನ್ನೆರಡು ವಾರಗಳ ಕೆಲಸವನ್ನು ಈ ರೀತಿ ಹಂಚಿದೆವು.

ಮೊದಲನೆಯ ಎರಡು ವಾರ, ಕಾಲುವೆಯ ನಡಿಗೆ. ಗ್ರಾಮದ ನಕ್ಷೆಯನ್ನು ಕೈಯಲ್ಲಿ ಹಿಡಿದು, ದಿಣ್ಣೆಯ ನೆತ್ತಿಯಿಂದ ಕೆರೆಯ ಬಾಯಿಯವರೆಗೆ ರಾಜಕಾಲುವೆಯ ಉದ್ದಕ್ಕೂ ನಡೆಯುವುದು. ಎಲ್ಲಿ ಕಾಲುವೆಯು ಕಿರಿದಾಗಿದೆ, ಎಲ್ಲಿ ಮೋರಿ ಮುಚ್ಚಿದೆ, ಎಲ್ಲಿ ಮನೆಗಳ ಬಚ್ಚಲ ನೀರು ಸೇರುತ್ತಿದೆ, ಎಲ್ಲಿ ಕಸ ಸುರಿದಿದ್ದಾರೆ ಎಂಬುದನ್ನು ಗುರುತುಹಾಕುವುದು.

ಮೂರು ಮತ್ತು ನಾಲ್ಕನೆಯ ವಾರ, ಕೆರೆಯ ಅಂಗಗಳ ಪರೀಕ್ಷೆ. ಏರಿಯಲ್ಲಿ ಇಲಿ ಹೆಗ್ಗಣಗಳ ಬಿಲ, ಹುತ್ತ, ಮರದ ಬೇರು ಇವೆಯೇ, ತೂಬು ಸೋರುವುದೇ, ಕೋಡಿಯ ಕಲ್ಲು ಕದಲಿದೆಯೇ ಎಂದು ನೋಡುವುದು. ಒಣಗಿದ ಅಂಗಳದಲ್ಲಿ ಅಲ್ಲಲ್ಲಿ ಗುಂಡಿ ತೋಡಿ, ಹಳೆಯ ಗಟ್ಟಿನೆಲ ಸಿಕ್ಕುವವರೆಗೆ ಗೋಡು ಎಷ್ಟು ಅಡಿ ತುಂಬಿದೆ ಎಂದು ಅಳೆಯುವುದು.

ಐದರಿಂದ ಎಂಟನೆಯ ವಾರದವರೆಗೆ, ಜೀವಿಗಳ ಮತ್ತು ನೀರಿನ ಲೆಕ್ಕ. ವಾರಕ್ಕೆ ಎರಡು ದಿನ ಬೆಳಕು ಹರಿಯುವ ಹೊತ್ತಿಗೆ ಏರಿಯ ಮೇಲೆ ನಿಂತು ಪಕ್ಷಿಗಳನ್ನು ಎಣಿಸುವುದು. ಕಪ್ಪು ಬಿಳುಪು ಬಣ್ಣ ಹಚ್ಚಿದ ಒಂದು ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಅದು ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಗುವುದೆಂದು ಅಳೆಯುವುದು. ಇದರಿಂದ ನೀರಿನ ತಿಳಿಯು ಗೊತ್ತಾಗುವುದು. ಕೆರೆಯ ಕೆಳಗಿನ ತೆರೆದ ಬಾವಿಗಳಲ್ಲಿ ಹಗ್ಗ ಬಿಟ್ಟು ನೀರಿನ ಮಟ್ಟವನ್ನು ಬರೆದಿಡುವುದು.

ಒಂಬತ್ತು ಮತ್ತು ಹತ್ತನೆಯ ವಾರ, ಜನರ ಮಾತನ್ನು ಕೇಳುವುದು. ಹಳೆಯ ನೀರುಗಂಟಿಯ ಮನೆಯವರು, ಮೀನು ಹಿಡಿಯುವವರು, ಕುರಿ ಮೇಯಿಸುವವರು, ಬಟ್ಟೆ ಒಗೆಯುವವರು, ಸೊಪ್ಪು ಕೀಳುವ ಹೆಂಗಸರು ಇವರಿಗೆ ತಿಳಿದಷ್ಟು ಯಾವ ನಕ್ಷೆಗೂ ತಿಳಿಯದು.

ಕೊನೆಯ ಎರಡು ವಾರ, ಎಲ್ಲವನ್ನೂ ಸುಲಭವಾದ ಕನ್ನಡದಲ್ಲಿ ಬರೆದು ಗ್ರಾಮಸಭೆಯ ಮುಂದೆ ಓದುವುದು. ಸಭೆಯಲ್ಲಿ ಓದದ ವರದಿಯು ಬೀರುವಿನಲ್ಲಿಟ್ಟ ಬಿತ್ತನೆಯ ಬೀಜಕ್ಕೆ ಸಮಾನ.

3. ನನ್ನಿಂದ ನಡೆದ ಒಂದು ತಪ್ಪು

ಈ ಭಾಗವನ್ನು ಬರೆಯುವುದು ನನಗೆ ಸಂತೋಷವಲ್ಲ. ಆದರೆ ಇತರರು ಇದೇ ತಪ್ಪನ್ನು ಮಾಡದಿರಲೆಂದು ಬರೆಯಬೇಕಾಗಿದೆ.

ಆ ಕೆರೆಗೆ ಕಾಲುವೆಯು ಸೇರುವ ಬಾಯಿಯಲ್ಲಿ ಸುಮಾರು ಅರ್ಧ ಎಕರೆಯಷ್ಟು ಜೊಂಡು ಬೆಳೆದಿತ್ತು. ಹಾವು ಸೇರುವುದೆಂದೂ, ಸೊಳ್ಳೆ ಹುಟ್ಟುವುದೆಂದೂ ಪಕ್ಕದ ಹಿಡುವಳಿದಾರರು ದೂರುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಗೋಡು ತೆಗೆಯುವ ಯಂತ್ರವು ಊರಿಗೆ ಬಂದಾಗ, ಜೊಂಡನ್ನು ಬುಡಸಹಿತ ತೆಗೆಸಿಬಿಡುವುದೇ ಮೇಲೆಂದು ನಾನು ಸಲಹೆ ಕೊಟ್ಟೆನು. ಉಮೇದುವಾರಳು ತನ್ನ ಪುಸ್ತಕವನ್ನು ತಂದು ತೋರಿಸಿದಳು. ಜೊಂಡಿಗೆ ಮೇಲೆ, ಕಾಲುವೆಯ ಕಡೆಯ ನೀರಿನಲ್ಲಿ ತಟ್ಟೆಯು ನಾಲ್ಕು ಬೆರಳು ಆಳದಲ್ಲಿ ಮರೆಯಾಗುತ್ತಿತ್ತು; ಜೊಂಡನ್ನು ದಾಟಿ ಬಂದ ನೀರಿನಲ್ಲಿ ಎರಡು ಗೇಣಿನವರೆಗೆ ಕಾಣುತ್ತಿತ್ತು. ಅಂಗಳದ ಒಣನೆಲದಲ್ಲಿ ಟಿಟ್ಟಿಭ ಹಕ್ಕಿಯ ಎರಡು ಗೂಡುಗಳೂ ಇದ್ದವು. “ಸಾರ್, ಇದು ಸೋಸುವ ಬಟ್ಟೆ ಇದ್ದ ಹಾಗಿದೆ. ಮಳೆಗಾಲ ಮುಗಿಯುವವರೆಗಾದರೂ ಬಿಡೋಣ” ಎಂದಳು. ಯಂತ್ರವು ಮತ್ತೆ ಬರುವುದು ಯಾವಾಗಲೋ ಎಂದು ನಾನು ಒಪ್ಪಲಿಲ್ಲ. ಟಿಟ್ಟಿಭದ ಗೂಡುಗಳ ಸುತ್ತ ಮಾತ್ರ ಕಲ್ಲು ನಿಲ್ಲಿಸಿ ಆ ಜಾಗವನ್ನು ಬಿಡಿಸಿದೆವು. ಜೊಂಡು ಎರಡು ದಿನಗಳಲ್ಲಿ ಹೋಯಿತು. ಕೆರೆಯು ಬಹಳ ಅಚ್ಚುಕಟ್ಟಾಗಿ ಕಾಣುತ್ತಿದೆಯೆಂದು ನೋಡಿದವರೆಲ್ಲಾ ಹೇಳಿದರು. ನಾನೂ ಹಾಗೆಯೇ ಭಾವಿಸಿದೆನು.

ಮೇ ತಿಂಗಳ ಮೂರನೆಯ ವಾರದಲ್ಲಿ ಜೋರಾಗಿ ಮಳೆ ಬಂದಿತು. ಬೇಸಗೆಯೆಲ್ಲಾ ಕಾಲುವೆಯಲ್ಲಿ ಕಟ್ಟಿಕೊಂಡಿದ್ದ ಬಚ್ಚಲ ಕೆಸರು, ಕೊಳೆತ ಕಸ, ರಸ್ತೆಯ ಹೊಲಸು ಎಲ್ಲವೂ ಒಂದೇ ರಾತ್ರಿ ಕೆರೆಗೆ ನುಗ್ಗಿತು. ತಡೆಯುವುದಕ್ಕೆ ಜೊಂಡು ಇರಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವೆಂದು ವರ್ತಮಾನ ಬಂತು. ನಾನು ಹೋಗುವಷ್ಟರಲ್ಲಿ ದಡದ ಉದ್ದಕ್ಕೂ ಸತ್ತ ಮೀನು ಬಿಳಿಯ ಗೆರೆಯಂತೆ ಬಿದ್ದಿತ್ತು. ಮೀನಿನ ಹಕ್ಕನ್ನು ಹರಾಜಿನಲ್ಲಿ ಹಿಡಿದಿದ್ದವನು ಸಾಲ ತಂದು ಮರಿ ಬಿಟ್ಟಿದ್ದನು. ಅವನು ನನ್ನನ್ನು ಬೈಯಲಿಲ್ಲ. “ಸ್ವಾಮಿ, ಈ ಮೀನನ್ನು ಎಲ್ಲಿ ಹೂಳಲಿ?” ಎಂದು ಮಾತ್ರ ಕೇಳಿದನು.

ಅದೇ ವಾರ ಅರಳಿಕಟ್ಟೆಯ ಹತ್ತಿರ ಸಭೆ ಸೇರಿದಾಗ, ಸಲಹೆಯು ನನ್ನದೆಂದೂ, ಉಮೇದುವಾರಳು ಅದನ್ನು ಬೇಡವೆಂದಿದ್ದಳೆಂದೂ ಎಲ್ಲರ ಮುಂದೆ ತಿಳಿಸಿದೆನು. ಊರಿನವರು ಯೋಚಿಸಿ, ಹರಾಜಿನ ಬಾಕಿಗೆ ವಾಯಿದೆ ಕೊಡಬೇಕೆಂದೂ, ಹೊಸ ಮರಿಗಳ ಖರ್ಚಿನಲ್ಲಿ ಕೆರೆಯ ಮೇಲಿನ ಜಮೀನುದಾರರು ಒಂದು ಭಾಗವನ್ನು ಕೊಡಬೇಕೆಂದೂ ತೀರ್ಮಾನಿಸಿದರು. ನನ್ನ ಪಾಲನ್ನು ನಾನೂ ಸೇರಿಸಿದೆನು. ಕೆರೆಯ ಮತ್ತೊಂದು ಬದಿಯಲ್ಲಿ ಉಳಿದಿದ್ದ ಜೊಂಡಿನ ಗೆಡ್ಡೆಗಳನ್ನು ಕಿತ್ತು ತಂದು ಕಾಲುವೆಯ ಬಾಯಿಯಲ್ಲಿ ಮತ್ತೆ ನೆಟ್ಟೆವು. ಕೀಳುವುದಕ್ಕೆ ಎರಡು ದಿನ ಸಾಕಾಗಿತ್ತು. ಅದು ಮತ್ತೆ ನೆರೆದು ನಿಲ್ಲುವುದಕ್ಕೆ ಒಂದು ವರ್ಷಕ್ಕೂ ಮೇಲೆ ಹಿಡಿಯಿತು.

4. ಮೀನು ಸತ್ತುದೇಕೆ

ಇದರ ಕಾರಣವನ್ನು ಮುಖಂಡರು ಸರಿಯಾಗಿ ತಿಳಿದುಕೊಳ್ಳಬೇಕು. ಏಕೆಂದರೆ ಯಾರೋ ವಿಷ ಹಾಕಿದರೆಂಬ ಸಂಶಯದಿಂದ ಊರುಗಳಲ್ಲಿ ಜಗಳಗಳಾಗುವುದುಂಟು. ಮೀನೂ ನಮ್ಮಂತೆ ಉಸಿರಾಡುವುದು. ನೀರಿನಲ್ಲಿ ಕರಗಿರುವ ಆಮ್ಲಜನಕವೇ ಅದರ ಉಸಿರು. ಮೀನು ಮತ್ತು ಇತರ ಜಲಜೀವಿಗಳಿಗಾಗಿ ಇರುವ ನೀರಿನಲ್ಲಿ ಒಂದು ಲೀಟರಿಗೆ 4 ಮಿಲಿಗ್ರಾಂಗೆ ಕಡಮೆಯಿಲ್ಲದಂತೆ ಆಮ್ಲಜನಕವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ಗೊತ್ತುಮಾಡಿದೆ. ಹೊಲಸು ನೀರಿಗೆ ಬಿದ್ದಾಗ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಅಸಂಖ್ಯಾತವಾಗಿ ಹೆಚ್ಚಿ ಈ ಆಮ್ಲಜನಕವನ್ನು ಉಪಯೋಗಿಸಿಬಿಡುವುವು. ಹಗಲಿನಲ್ಲಿ ಹಸುರು ಪಾಚಿಯು ಬಿಸಿಲಿನ ಸಹಾಯದಿಂದ ಆಮ್ಲಜನಕವನ್ನು ಕೊಡುವುದಾದರೂ, ರಾತ್ರಿಯಲ್ಲಿ ಅದೂ ಉಸಿರಾಡುವುದು. ಆದುದರಿಂದ ಬೆಳಗಿನ ಜಾವದಲ್ಲಿ ಆಮ್ಲಜನಕವು ಅತ್ಯಂತ ಕಡಮೆಯಾಗಿರುವುದು. ಮೀನು ಸಾಯುವುದೂ ಆ ಹೊತ್ತಿನಲ್ಲಿಯೇ. 2016ನೆಯ ಇಸವಿ ಮಾರ್ಚಿಯಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿರಾಶಿಯಾಗಿ ಮೀನು ಸತ್ತುದನ್ನು ಅನೇಕರು ಪತ್ರಿಕೆಗಳಲ್ಲಿ ಓದಿರಬಹುದು.

ಜೊಂಡಿನ ಕೆಲಸವು ಇಲ್ಲಿಯೇ ಇರುವುದು. ಒತ್ತಾಗಿ ಬೆಳೆದ ಜೊಂಡಿನ ನಡುವೆ ನೀರಿನ ವೇಗವು ಕುಗ್ಗಿ ಕೆಸರು ತಳಕ್ಕೆ ಇಳಿಯುವುದು. ಬೇರು ಮತ್ತು ದಂಟುಗಳಿಗೆ ಅಂಟಿಕೊಂಡಿರುವ ಸೂಕ್ಷ್ಮಜೀವಿಗಳು ಹೊಲಸನ್ನು ಅಲ್ಲಿಯೇ ಜೀರ್ಣಮಾಡುವುವು. ಸಾರಜನಕ, ರಂಜಕ ಮೊದಲಾದ ಸತ್ತ್ವಗಳನ್ನು ಗಿಡವು ಹೀರಿಕೊಂಡು ಬೆಳೆಯುವುದು. ಹೊಲಕ್ಕೆ ನಾವು ದುಡ್ಡು ಕೊಟ್ಟು ಹಾಕುವ ಗೊಬ್ಬರದ ಸತ್ತ್ವಗಳೇ ಕೆರೆಯಲ್ಲಿ ಅತಿಯಾದರೆ ರೋಗವಾಗುವುವೆಂಬುದನ್ನು ನೆನಪಿಡಬೇಕು.

ಇದನ್ನು ಕಣ್ಣಾರೆ ನೋಡಲು ಇಷ್ಟವುಳ್ಳವರು ಜಕ್ಕೂರು ಕೆರೆಗೆ ಹೋಗಬಹುದು. ಸುಮಾರು 160 ಎಕರೆ ವಿಸ್ತೀರ್ಣದ ಆ ಕೆರೆಯ ತಲೆಯಲ್ಲಿ ಕೊಳಚೆ ನೀರನ್ನು ಶುದ್ಧಿಮಾಡುವ ಕಾರ್ಖಾನೆಯಿದೆ. ದಿನಕ್ಕೆ ಒಂದು ಕೋಟಿ ಲೀಟರನ್ನು ಶುದ್ಧಿಮಾಡುವ ಶಕ್ತಿಯಿಂದ ಅದನ್ನು ಸ್ಥಾಪಿಸಿದರು. ಅಲ್ಲಿಂದ ಹೊರಬಂದ ನೀರನ್ನು ನೇರವಾಗಿ ಕೆರೆಗೆ ಬಿಡದೆ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸುವರು. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಈ ಏರ್ಪಾಡನ್ನು ಪರೀಕ್ಷಿಸಿ ವರದಿಗಳನ್ನು ಬರೆದಿರುವರು. ಅಲ್ಲಿ ಹೆಜ್ಜಾರ್ಲೆ, ನೀರುಕಾಗೆ, ಜಂಬುಕೋಳಿ, ನಾಮದಕೋಳಿಗಳನ್ನು ನೋಡಬಹುದು.

ಆದರೆ ಜೊಂಡನ್ನು ಹಾಗೆಯೇ ಬೆಳೆಯಲು ಬಿಡುವುದೂ ತಪ್ಪು. ಅದು ಕೆರೆಯನ್ನೆಲ್ಲಾ ಆವರಿಸಿದರೆ ನೀರಿಗೆ ಸ್ಥಳವಿರುವುದಿಲ್ಲ. ಒಣಗಿ ಕೊಳೆತರೆ ಹೀರಿಕೊಂಡ ಸತ್ತ್ವವನ್ನು ನೀರಿಗೇ ಹಿಂತಿರುಗಿಸುವುದು. ಆದುದರಿಂದ ಒಂದು ವರ್ಷ ಒಂದು ಭಾಗ, ಮರುವರ್ಷ ಮತ್ತೊಂದು ಭಾಗ ಎಂಬಂತೆ ಸರದಿಯಲ್ಲಿ ಕೊಯ್ದು, ಬೇರನ್ನು ಬಿಟ್ಟು, ಕೊಯ್ದುದನ್ನು ಗೊಬ್ಬರದ ಗುಂಡಿಗೆ ಹಾಕತಕ್ಕದ್ದು. ನೀಲಿ ಹೂವು ಬಿಡುವ ತೇಲುಗಿಡವಾದ ವಾಟರ್ ಹಯಸಿಂತ್ ವಿಷಯ ಬೇರೆ. ಅದು ಹೊರದೇಶದಿಂದ ಬಂದ ಕಳೆ. ನೀರಿನ ಮೇಲೆ ಚಾಪೆಯಂತೆ ಹಬ್ಬಿ ಗಾಳಿ ಬೆಳಕನ್ನು ತಡೆಯುವುದು. ಅದನ್ನು ಕಂಡಾಗಲೇ ತೆಗೆಯಬೇಕು.

5. ಹಿಡುವಳಿದಾರನಿಗೆ ಲಾಭವೇನು

ಪಕ್ಷಿ, ಜೊಂಡುಗಳ ಮಾತು ರೈತನಿಗೇಕೆ ಎಂದು ಕೆಲವರು ಕೇಳಬಹುದು. ಲೆಕ್ಕವನ್ನು ನೋಡೋಣ.

ಒಂದು ಎಕರೆ ಅಂಗಳದಲ್ಲಿ ಒಂದು ಅಡಿ ಗೋಡು ತುಂಬಿದರೆ ಸುಮಾರು 12 ಲಕ್ಷ 33 ಸಾವಿರ ಲೀಟರು ನೀರಿನ ಸ್ಥಳವು ಹೋದಂತಾಯಿತು. ಹತ್ತು ಎಕರೆಯ ಚಿಕ್ಕ ಕೆರೆಯಲ್ಲಿ ಇದು ಒಂದು ಕೋಟಿ 23 ಲಕ್ಷ ಲೀಟರಾಗುವುದು. ಇಷ್ಟು ನೀರು ನಿಂತಿದ್ದರೆ ಕೆಳಗಿನ ಬಾವಿಗಳಿಗೆ ಎಷ್ಟು ಒರತೆ ಇರುತ್ತಿತ್ತೆಂಬುದನ್ನು ತಾವೇ ಊಹಿಸಬಹುದು. ಉಮೇದುವಾರರು ಗೋಡಿನ ಆಳವನ್ನು ಅಳೆದುಕೊಟ್ಟರೆ, ಎಲ್ಲಿ ಎಷ್ಟು ತೆಗೆಯಬೇಕೆಂಬುದು ಖಚಿತವಾಗುವುದು. ಕಂಡಲ್ಲಿ ತೋಡಿ ಗುಂಡಿ ಮಾಡುವ ಮತ್ತು ಏರಿಯ ಬುಡವನ್ನೇ ಸಡಿಲಿಸುವ ಅಪಾಯ ತಪ್ಪುವುದು.

ತೆಗೆದ ಗೋಡು ಕೆಮ್ಮಣ್ಣಿನ ಮರಳು ಹೊಲಗಳಿಗೆ ಒಳ್ಳೆಯದು. ತೇವವನ್ನು ಹಿಡಿದಿಡುವ ಶಕ್ತಿಯನ್ನು ಹೆಚ್ಚಿಸುವುದು. ಒಂದು ಎಕರೆಗೆ ಒಂದು ಅಂಗುಲ ದಪ್ಪ ಹರಡಬೇಕಾದರೆ ಸುಮಾರು 103 ಘನ ಮೀಟರು, ಎಂದರೆ ಮೂರು ಘನ ಮೀಟರು ಹಿಡಿಯುವ ಟ್ರಾಕ್ಟರ್ ಗಾಡಿಯಲ್ಲಿ 34 ಗಾಡಿ ಗೋಡು ಬೇಕು. ಆದರೆ ಒಂದು ಎಚ್ಚರಿಕೆ. ನಗರದ ಚರಂಡಿ ಅಥವಾ ಕಾರ್ಖಾನೆಯ ನೀರು ಸೇರುವ ಕೆರೆಯ ಗೋಡಿನಲ್ಲಿ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳು ಇರಬಹುದು. ಅಂತಹ ಗೋಡನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ, ವಿಶೇಷವಾಗಿ ಸೊಪ್ಪು ತರಕಾರಿಯ ಭೂಮಿಗೆ, ಹಾಕಕೂಡದು. ಸಂಸ್ಕರಿಸಿದ ನೀರನ್ನು ಈಗ ಹೆಬ್ಬಾಳ ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೂ ಸಾಗಿಸುತ್ತಿರುವುದರಿಂದ, ನೀರನ್ನೂ ಗೋಡನ್ನೂ ಆಗಾಗ್ಗೆ ಪರೀಕ್ಷಿಸುವ ಅಭ್ಯಾಸವು ಆ ಸೀಮೆಯ ರೈತರಿಗೂ ಅವಶ್ಯಕ.

ಪಕ್ಷಿಗಳ ಉಪಕಾರವೂ ಅಲ್ಪವಲ್ಲ. ಉಳುವ ನೇಗಿಲಿನ ಹಿಂದೆ ಬರುವ ಬೆಳ್ಳಕ್ಕಿಯು ಹುಳುಗಳನ್ನು ತಿನ್ನುವುದು; ಗೂಬೆಯು ಇಲಿಗಳನ್ನು ಹಿಡಿಯುವುದು; ಕಪ್ಪೆಗೆ ಕೀಟಗಳೇ ಆಹಾರ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರಿನ ನಡುವಣ ಹುಣಿಸೆಮರಗಳಲ್ಲಿಯೇ ಗೂಡುಕಟ್ಟುವುವು. ಹುಣಿಸೆಯ ಫಸಲಿಗೆ ನಷ್ಟವಾದರೂ ಊರಿನವರು ಅವುಗಳನ್ನು ಓಡಿಸಲಿಲ್ಲ. ಮರದ ಕೆಳಗೆ ಬೀಳುವ ಹಿಕ್ಕೆಯನ್ನು ಗೊಬ್ಬರವಾಗಿ ಬಳಸಿದರು. 2007ರಲ್ಲಿ ಆ ಸ್ಥಳವು ಸಮುದಾಯ ಮೀಸಲು ಪ್ರದೇಶವಾಯಿತು. ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಗಳು ಬೇಸಾಯಕ್ಕಾಗಿ ಮನುಷ್ಯರು ಕಟ್ಟಿದ ಕೆರೆಗಳು. ಜೌಗುನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಏರ್ಪಟ್ಟ ಒಪ್ಪಂದದ ಪಟ್ಟಿಗೆ ಇವೆರಡೂ 2024ರಲ್ಲಿ ಸೇರಿದವು. ರೈತರ ಕೆರೆಗಳು ಈ ರೀತಿ ಲೋಕದ ಮನ್ನಣೆಯನ್ನು ಪಡೆದಿರುವಾಗ, ಬೇಸಾಯಕ್ಕೂ ಪಕ್ಷಿಗೂ ವಿರೋಧವೆಂದು ಹೇಳುವುದು ಸರಿಯಲ್ಲ.

6. ಉಮೇದುವಾರರನ್ನು ಇಟ್ಟುಕೊಳ್ಳುವವರು ಅನುಸರಿಸತಕ್ಕ ನಿಯಮಗಳು

(1) ಕೆಲಸವು ಇಂತಹುದೆಂದು ಮೊದಲೇ ಬರೆದು ಗೊತ್ತುಮಾಡಬೇಕು. ಕೂಲಿಯಾಳು ಸಿಕ್ಕಲಿಲ್ಲವೆಂದು ವಿದ್ಯಾರ್ಥಿಯ ಕೈಗೆ ಗುದ್ದಲಿ ಕೊಡುವುದು ಅನ್ಯಾಯ. ಊಟ, ವಸತಿ, ಪ್ರಯಾಣದ ಖರ್ಚನ್ನಾದರೂ ಪಂಚಾಯಿತಿಯಾಗಲಿ ಕರೆಸಿದ ಸಂಸ್ಥೆಯಾಗಲಿ ಕೊಡತಕ್ಕದ್ದು.

(2) ಒಬ್ಬರನ್ನೇ ನೀರಿಗಾಗಲಿ ಜೊಂಡಿಗಾಗಲಿ ಇಳಿಯಲು ಬಿಡಬಾರದು. ಕೆರೆಯನ್ನು ಬಲ್ಲ ಒಬ್ಬ ಹಿರಿಯರು ಜೊತೆಯಲ್ಲಿರಬೇಕು. ಹಾವು ಕಚ್ಚಿದಲ್ಲಿ ಕಾಲಹರಣಮಾಡದೆ ಆಸ್ಪತ್ರೆಗೆ ಸಾಗಿಸತಕ್ಕದ್ದು.

(3) ರಾಜಕಾಲುವೆಯ ಒತ್ತುವರಿಯನ್ನು ಗುರುತುಹಾಕಿದ ಕಾರಣಕ್ಕೆ ವಿದ್ಯಾರ್ಥಿಗಳ ಮೇಲೆ ಯಾರೂ ಸಿಟ್ಟಾಗದಂತೆ ಮುಖಂಡರು ನೋಡಿಕೊಳ್ಳಬೇಕು. ನಕ್ಷೆಯ ಗೆರೆಯನ್ನು ಎಳೆದವರು ಅವರಲ್ಲ. ಒತ್ತುವರಿಯು ಮುಖಂಡರ ಸ್ವಂತ ಜಮೀನಿನಲ್ಲಿಯೇ ಕಂಡುಬಂದರೆ ಮೊದಲು ಅದನ್ನು ಬಿಟ್ಟುಕೊಡುವುದು ಎಲ್ಲರಿಗೂ ದೊಡ್ಡ ಪಾಠವಾಗುವುದು.

(4) ಕಾಲುವೆಯ ಬಾಯಿಯ ಜೊಂಡನ್ನು ಮಳೆಗಾಲಕ್ಕೆ ಮುಂಚೆ ಎಂದಿಗೂ ಪೂರ್ತಿಯಾಗಿ ತೆಗೆಯಬಾರದು. ಬದಲಾಗಿ, ಮೊದಲ ಮಳೆಗೆ ಮುಂಚೆ ಕಾಲುವೆಯ ಕಸ ಮತ್ತು ಕೆಸರನ್ನು ತೆಗೆಸಬೇಕು.

(5) ಟಿಟ್ಟಿಭವು ಮಾರ್ಚಿಯಿಂದ ಆಗಸ್ಟಿನವರೆಗೆ ಬರಿಯ ನೆಲದ ಮೇಲೆ ಮೊಟ್ಟೆಯಿಡುವುದು. ಮಣ್ಣಿನ ಬಣ್ಣದ ಆ ಮೊಟ್ಟೆಗಳು ಕಣ್ಣಿಗೆ ಬೀಳುವುದು ಕಷ್ಟ. ಅಂಗಳದಲ್ಲಿ ಯಂತ್ರವನ್ನು ಇಳಿಸುವ ಹಿಂದಿನ ದಿನ ಒಮ್ಮೆ ನಡೆದು ನೋಡಿ, ಗೂಡಿರುವ ಜಾಗವನ್ನು ಬಿಡಬೇಕು.

(6) ಉಮೇದುವಾರರ ಪುಸ್ತಕದ ಒಂದು ಪ್ರತಿಯು ಪಂಚಾಯಿತಿಯಲ್ಲಿ ಉಳಿಯಬೇಕು. 2002ನೆಯ ಇಸವಿಯ ಜೀವವೈವಿಧ್ಯ ಕಾನೂನಿನ ಮೇರೆಗೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ, ಜನತಾ ಜೀವವೈವಿಧ್ಯದ ದಾಖಲೆಯೂ ಇರತಕ್ಕದ್ದು. ಊರಿನ ಗಿಡ, ಪಕ್ಷಿ, ಮೀನುಗಳ ಲೆಕ್ಕವು ಆ ದಾಖಲೆಗೆ ಸೇರಿದರೆ ಮುಂದೆ ಬಂದವರು ಮೊದಲಿನಿಂದ ಪ್ರಾರಂಭಿಸಬೇಕಾಗಿಲ್ಲ.

(7) ವಿದ್ಯಾರ್ಥಿಯು ಹೋದ ಮೇಲೆ ಲೆಕ್ಕವು ನಿಲ್ಲಬಾರದು. ಊರಿನ ಶಾಲೆಯ ಇಬ್ಬರು ಮಕ್ಕಳಿಗೆ ಬಾವಿಯ ಮಟ್ಟ ಅಳೆಯುವುದನ್ನೂ ತಟ್ಟೆ ಇಳಿಸುವುದನ್ನೂ ಕಲಿಸಿಯೇ ಅವರು ಹೊರಡಬೇಕು.

7. ಮುಗಿವು

ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಕೆರೆ ಪಂಚಾಯಿತಿಗಳ ಬಗ್ಗೆ ಒಂದು ರೆಗ್ಯುಲೇಷನ್ ಆಯಿತು. ಕೆರೆಯನ್ನು ನೋಡಿಕೊಳ್ಳುವ ಕೆಲಸದಲ್ಲಿ ಊರಿನವರೂ ಸೇರಬೇಕೆಂಬುದು ಅದರ ಸಾರ. ಅಂದಿನಿಂದ ಇಂದಿನವರೆಗೆ ಕಾನೂನುಗಳು ಹಲವು ಬಂದವು; ಊರಿನವರ ಕೈ ಸೇರದ ಕಡೆ ಯಾವುದೂ ಫಲಿಸಲಿಲ್ಲ. ಬೇಸಗೆಯಲ್ಲಿ ಬರುವ ಉಮೇದುವಾರರು ಊರಿನವರ ಕೆಲಸವನ್ನು ತಾವು ಮಾಡಿಮುಗಿಸಲಾರರು. ಏನು ಮಾಡಬೇಕು, ಯಾವಾಗ ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನು ಅಳತೆಯಿಂದ ತೋರಿಸಿಕೊಡಬಲ್ಲರು. ಅಷ್ಟೇ ದೊಡ್ಡ ಉಪಕಾರ.

ವಯಸ್ಸಿನಲ್ಲಿ ಕಿರಿಯರೆಂದು ಅವರ ಮಾತನ್ನು ತಳ್ಳಿಹಾಕಬಾರದು. ಇಪ್ಪತ್ತು ವರ್ಷ ಈ ಇಲಾಖೆಯಲ್ಲಿ ಕೆಲಸಮಾಡಿದ ನನಗೆ ಕಾಣದುದು, ಎಂಟು ವಾರ ಏರಿಯ ಮೇಲೆ ನಿಂತ ಹುಡುಗಿಗೆ ಕಂಡಿತು; ಏಕೆಂದರೆ ಆಕೆ ದಿನವೂ ನೋಡಿ ಬರೆದಳು, ನಾನು ಒಮ್ಮೆ ನೋಡಿ ಹೇಳಿದೆನು. ಆ ಪುಸ್ತಕದ ಪ್ರತಿಯೊಂದು ಈಗ ನನ್ನ ಮೇಜಿನ ಮೇಲಿದೆ. ಜೊಂಡನ್ನು ತೆಗೆಸಬೇಕೆಂದು ಯಾರಾದರೂ ದರಖಾಸ್ತು ತಂದರೆ, ಮೊದಲು ಅದರಲ್ಲಿನ ಏಪ್ರಿಲ್ ತಿಂಗಳ ಪುಟವನ್ನು ತೋರಿಸಿ, ಆಮೇಲೆ ಅವರೊಡನೆ ಕೆರೆಯ ಕಡೆಗೆ ಹೊರಡುವುದು ನನ್ನ ರೂಢಿಯಾಗಿದೆ. ಮುಂದಿನ ಬೇಸಗೆಗೆ ತಮ್ಮ ಊರಿನ ಕೆರೆಗೆ ಉಮೇದುವಾರರು ಬೇಕೆಂದು ಅಪೇಕ್ಷಿಸುವ ಮುಖಂಡರು ಸಮೀಪದ ಕಾಲೇಜಿಗೆ ಸಂಕ್ರಾಂತಿಯೊಳಗಾಗಿ ಪತ್ರ ಬರೆಯುವುದು ಒಳ್ಳೆಯದು. ಮಾರ್ಚಿಯಲ್ಲಿ ಕೆಲಸ ಮೊದಲಾದರೆ ಮಾತ್ರ ಮೊದಲ ಮಳೆಗೆ ಕೆರೆಯು ಸಿದ್ಧವಾಗುವುದು.